ಕ್ಷೌರದ ಕತ್ತಿ ಎಳೆಯೋಕೆ ಬಟ್ಟೆ ಪಟ್ಟಿಯೋ, ಚರ್ಮದ ಪಟ್ಟಿಯೋ?

ಮಡಚುವ ಕ್ಷೌರದ ಕತ್ತಿಯ ಹುಚ್ಚು ಹತ್ತಿದವರು ಕತ್ತಿಗೆ, ಸಾಣೆಕಲ್ಲಿಗೆ ಧಾರಾಳವಾಗಿ ದುಡ್ಡು ಸುರಿಯುತ್ತಾರೆ. ಕತ್ತಿಯನ್ನು ಮೇಲೆ ಎಳೆದೆಳೆದು ಅದರ ಬಾಯಿ ನೆಟ್ಟಗೆ ಮಾಡುವ ಪಟ್ಟಿಯ ಮಾತು ಬಂದರೆ ಮಾತ್ರ ‘ಏನೋ ಒಂದು ಇದ್ದರಾಯ್ತು ಬಿಡಿ’ ಅಂತಾರೆ. ಆದರೆ ಸಾಣೆಕಲ್ಲು ಬೇಕಾಗುವುದು ಕೆಲವು ತಿಂಗಳಿಗೊಮ್ಮೆ, ಪಟ್ಟಿ ಬೇಕಾಗುವುದು ಪ್ರತಿ ಸಲ ಗಡ್ಡ ಕೆರೆಯುವ ಮುಂಚೆ. ಹಾಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ನೋಡಿದೆ: ಕ್ಯಾನ್ವಾಸ್, ಹಳೆ ಜೀನ್ಸ್, ಕಾರಿನ ಸೀಟ್ ಬೆಲ್ಟ್, ದಿನಪತ್ರಿಕೆ, ಎರಡು ಥರದ ಚರ್ಮ. ಕತ್ತಿ ಮಾತ್ರ ಒಂದೇ. ಜರ್ಮನಿಯ ಸೋಲಿಂಗೆನ್‌ನದು, ಮುಕ್ಕಾಲು ಇಂಚು ಅಗಲ, ಕಾರ್ಬನ್ ಸ್ಟೀಲ್. (ಆ ಊರಿನ ಹೆಸರನ್ನು ಬೇರೆ ಕಡೆ ಮಾಡಿದ ಕತ್ತಿಗೆ ಹಾಕುವ ಹಾಗಿಲ್ಲ ಅಂತ 1938ರಿಂದಲೇ ಕಾನೂನಿದೆ.)

ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ, ಚರ್ಮ ಎರಡೂ ಒಂದೇ ಕೆಲಸ ಮಾಡುವುದಿಲ್ಲ. ಬಟ್ಟೆ ತೊಳೆದು ತಿಕ್ಕುತ್ತದೆ, ಚರ್ಮ ನೇವರಿಸುತ್ತದೆ. ಗಡ್ಡ ಕೆರೆದ ಮೇಲೆ ಕತ್ತಿಯ ಬಾಯಿ ಕಣ್ಣಿಗೆ ಕಾಣದಷ್ಟು ಅತ್ತಿತ್ತ ಮಣಿದಿರುತ್ತದೆ, ಜೊತೆಗೆ ಸೋಪಿನ ಪಸೆ, ತೇವ ಅಂಟಿರುತ್ತದೆ. ಕಾರ್ಬನ್ ಸ್ಟೀಲಾದರೆ ಆ ತೇವವೇ ತುಕ್ಕಿಗೆ ಶುರು. ಪಸೆ ತೇವ ಹೋಗಲು ಬಟ್ಟೆ, ಬಾಯಿ ನೆಟ್ಟಗಾಗಿ ನುಣುಪು ಬರಲು ಚರ್ಮ. ಮೊದಲು ಬಟ್ಟೆಯ ಮೇಲೆ ಮೂವತ್ತು ಸಲ, ಆಮೇಲೆ ಚರ್ಮದ ಮೇಲೆ ಅರವತ್ತು ಸಲ ಎಳೆಯಿರಿ ಅನ್ನುವುದು ಬಳಸುವವರು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾನೂ ಹೆಚ್ಚುಕಡಿಮೆ ಅದೇ ದಾರಿ.

ಈಗ ಬಟ್ಟೆಗಳು.

ಕ್ಯಾನ್ವಾಸ್ ಎಲ್ಲಕ್ಕಿಂತ ಮೇಲು. ದಪ್ಪ ಹತ್ತಿಯದು, ಬಿಗಿ ನೇಯ್ಗೆಯದು. ಹೊಸದರಲ್ಲಿ ಗಂಜಿ ಇರುತ್ತದೆ, ಬಿಸಿನೀರಲ್ಲಿ ಒಗೆದು, ಇಸ್ತ್ರಿ ಹಾಕಿ, ಗಾಜಿನ ಬಾಟಲಿಯಿಂದ ಚೆನ್ನಾಗಿ ಉಜ್ಜಿದ ಮೇಲೇ ಅದು ದಾರಿಗೆ ಬರುವುದು. ಕತ್ತಿ ಹೋಗುವಾಗ ಸರ್ರ್ ಅಂತ ಒಂದೇ ಸಮನೆ ಸದ್ದು ಬರಬೇಕು. ನಡುವೆ ಟಕ್ ಅಂದರೆ ಅಲ್ಲೊಂದು ಗಂಟು ಇದೆ ಅಂತಲೇ ಅರ್ಥ. ಹಳೆ ಜೀನ್ಸ್ ಅದರ ಬಡ ತಮ್ಮ. ಕೆಲಸವೇನೋ ಮಾಡುತ್ತದೆ, ಆದರೆ ಹಿಗ್ಗುತ್ತದೆ. ಅದರಲ್ಲೂ ಈಗಿನ ಜೀನ್ಸ್‌ಗಳಲ್ಲಿ ಇಲಾಸ್ಟಿಕ್ ನೂಲು ಸೇರಿರುತ್ತದಲ್ಲ, ಅವು ಬೇಡವೇ ಬೇಡ. ಪಟ್ಟಿ ಜೋತುಬಿದ್ದರೆ ಬಾಯಿಯ ಸುತ್ತ ಬಟ್ಟೆ ಬಾಗುತ್ತದೆ, ಬಾಯಿ ದುಂಡಗಾಗುತ್ತದೆ, ಆಮೇಲೆ ಎಷ್ಟು ಎಳೆದರೂ ಹರಿತ ಬರುವುದಿಲ್ಲ.

ಸೀಟ್ ಬೆಲ್ಟ್ ಬಗ್ಗೆ ತುಂಬಾ ಜನ ಹೊಗಳುತ್ತಾರೆ. ಗಟ್ಟಿ, ಅಗ್ಗ, ಗುಜರಿಯಲ್ಲಿ ಸಿಗುತ್ತದೆ, ಎಲ್ಲ ಸರಿ. ನನಗೆ ಮಾತ್ರ ಹಿಡಿಸಲಿಲ್ಲ. ಕತ್ತಿ ಅದರ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತದೆ. ತೇವವನ್ನೂ ಹತ್ತಿಯ ಹಾಗೆ ಹೀರುವುದಿಲ್ಲ. ಎರಡು ಇಂಚಿನಷ್ಟೇ ಅಗಲ ಬೇರೆ, ಮೂರು ಇಂಚಿಗೆ ಹತ್ತಿರದ ಬಾಯಿ ಪೂರ್ತಿ ಕೂರುವುದಿಲ್ಲ. ಓರೆಯಾಗಿ ಎಳೆಯುತ್ತಾ ಬಾಯಿಯ ಹಿಮ್ಮಡಿಯಿಂದ (ಹಿಡಿಯ ಕಡೆಯ ಕೊನೆ) ತುದಿಯವರೆಗೂ ಮುಟ್ಟಿಸಬೇಕು. ಕೈ ಪಳಗಿದವರಿಗೆ ಅದೇನೂ ದೊಡ್ಡದಲ್ಲ, ಹೊಸಬರಿಗೆ ಕಿರಿಕಿರಿ.

ದಿನಪತ್ರಿಕೆ ಮಾತ್ರ ಆಶ್ಚರ್ಯ ಹುಟ್ಟಿಸಿತು. ನಾಲ್ಕೈದು ಹಾಳೆ ಉದ್ದಕ್ಕೆ ಮಡಚಿ, ಒಂದು ತುದಿಯನ್ನು ಮೇಜಿನ ಅಂಚಿಗೆ ಕ್ಲಿಪ್ ಹಾಕಿ ಬಿಗಿಯಾಗಿ ಎಳೆದು ಹಿಡಿದರೆ ಸಾಕು. ಕಪ್ಪು ಶಾಯಿಯಲ್ಲಿ ಇರುವುದು ನುಣ್ಣನೆಯ ಇಂಗಾಲ, ಕಾಗದಕ್ಕೂ ತುಸು ಉಜ್ಜುವ ಗುಣ ಇದೆ. ನುಣುಪು ಕಾಗದದ ಬಣ್ಣದ ಪುರವಣಿ ಬೇಡ, ಒರಟು ಹಾಳೆಯ ಒಳಪುಟ ಒಳ್ಳೆಯದು. ಊರಿಗೆ ಹೋದಾಗ ನನ್ನದು ಇದೇ. ಕೈಯೆಲ್ಲ ಕಪ್ಪಾಗುತ್ತದೆ ಅನ್ನುವುದೊಂದೇ ತಕರಾರು.

ಚರ್ಮಕ್ಕೆ ಬಂದರೆ ಆಟವೇ ಬೇರೆ. ಮೊದಲು ನೋಡಬೇಕಾದ್ದು ಯಾವ ಪ್ರಾಣಿಯದು ಅನ್ನುವುದಲ್ಲ, ಹದ ಮಾಡಿದ್ದು ಹೇಗೆ ಅನ್ನುವುದು. ಅಂಗಡಿಯ ಮೆತ್ತನೆ ಬೆಲ್ಟು, ಬ್ಯಾಗುಗಳ ಚರ್ಮ ಹೆಚ್ಚಾಗಿ ಕ್ರೋಮ್‌ನಲ್ಲಿ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಮೇಲೆ ಬಣ್ಣದ ಲೇಪ, ಒಳಗೆ ಸ್ಪಂಜಿನಂಥ ಮೆದು. ಅಂಥದ್ದೊಂದನ್ನು ಎಳೆದು ನೋಡಿದೆ, ಕತ್ತಿ ಒತ್ತಿದಲ್ಲಿ ತಗ್ಗುತ್ತದೆ. ತೊಗಟೆ ಕಾಯಿಗಳಲ್ಲಿ ಹದ ಮಾಡಿದ್ದು ಹಾಗಲ್ಲ. ನಮ್ಮ ಅಥಣಿ ಕಡೆ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ ಬಳಸುತ್ತಾರಲ್ವಾ, ಅದೇ ಜಾತಿಯದ್ದು. ಗಟ್ಟಿ, ಬಣ್ಣ ಮೆತ್ತಿಲ್ಲ, ಎಳೆದರೆ ಹಿಗ್ಗುವುದೂ ಕಡಿಮೆ. ಮೂರಿಂಚು ಅಗಲದ ಪಟ್ಟಿ ಕೊಯ್ಸಿಕೊಂಡೆ. ಗಾಯದ ಗುರುತು, ಮಡಿಕೆ ಇಲ್ಲದ ತುಂಡು ಸಿಗುವುದೇ ಕಷ್ಟ, ಅದನ್ನು ಆರಿಸೋಕೇ ಜಾಸ್ತಿ ಹೊತ್ತು ಬೇಕು.

ಹೊಸ ಚರ್ಮದ ಮೇಲೆ ಕತ್ತಿ ಸುಮ್ಮನೆ ಹೋಗುತ್ತದೆ. ದಿನಾ ಅಂಗೈಯಿಂದ ಉಜ್ಜುತ್ತಾ ಬಂದರೆ ಕೈಯ ಜಿಡ್ಡೇ ಅದಕ್ಕೆ ಎಣ್ಣೆ. ಕೆಲವು ವಾರದಲ್ಲಿ ಮೇಲ್ಮೈಗೆ ಮಂಕು ಹೊಳಪು ಬರುತ್ತದೆ, ಕತ್ತಿಯನ್ನು ತುಸುವೇ ಹಿಡಿದು ಬಿಟ್ಟ ಹಾಗಾಗುತ್ತದೆ. ಆ ಹಿಡಿತ ಕೈಗೆ ಗೊತ್ತಾಗುತ್ತದೆ. ಹಿಡಿತ ಇಲ್ಲದ ಚರ್ಮ ನನಗೆ ಸೀಟ್ ಬೆಲ್ಟಿಗಿಂತ ಮೇಲೇನಲ್ಲ. ಗೆಳೆಯರೊಬ್ಬರ ಬಳಿ ಕುದುರೆಯ ಹಿಂಭಾಗದ ಚರ್ಮದ್ದೊಂದು ಇದೆ, ಗಾಜಿನ ಹಾಗೆ ನುಣುಪು, ಬೆಲೆಯೂ ಹಾಗೇ. ನನ್ನ ಮುಖಕ್ಕಂತೂ ವ್ಯತ್ಯಾಸ ತಿಳಿಯಲಿಲ್ಲ.

ಯಾವುದರ ಮೇಲಾದರೂ ಎಳೆಯುವ ಕ್ರಮ ಒಂದೇ. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಬೆನ್ನೂ ಬಾಯಿಯೂ ಎರಡೂ ಪಟ್ಟಿಗೆ ತಾಗಿರಬೇಕು. ಪಟ್ಟಿಯ ತುದಿ ತಲುಪಿದಾಗ ಕತ್ತಿಯನ್ನು ಬೆನ್ನಿನ ಮೇಲೇ ಮಗುಚಬೇಕು, ಬಾಯಿಯ ಮೇಲಲ್ಲ. ಬಾಯಿಯ ಮೇಲೆ ಮಗುಚಿದರೆ ಚರ್ಮ ಕೊಯ್ದು ಹೋಯ್ತು ಅಂತಲೇ ಲೆಕ್ಕ. ಕತ್ತಿಯ ಭಾರ ಸಾಕು, ಒತ್ತಬೇಡಿ.

ಪಟ್ಟಿಗೆ ಸವರುವ ಹಸಿರು ಪೇಸ್ಟಿನ ವಿಷಯ ಕೇಳುವವರಿದ್ದಾರೆ. ಅದು ಕ್ರೋಮಿಯಂ ಆಕ್ಸೈಡ್, ಅರ್ಧ ಮೈಕ್ರಾನಿನಷ್ಟು ನುಣ್ಣನೆಯ ಪುಡಿ. ಅದು ನೇರವಾಗಿ ಲೋಹ ಸವೆಸುತ್ತದೆ, ಅಂದರೆ ಪಟ್ಟಿಗಿಂತ ಸಾಣೆಗೇ ಹತ್ತಿರದ ನೆಂಟ. ಹರಿತ ಇಳಿಯುತ್ತಿದೆ ಅನ್ನಿಸಿದಾಗ ಕ್ಯಾನ್ವಾಸಿನ ಬೇರೆಯದೇ ತುಂಡಿಗೆ ಸವರಿ ಹತ್ತು ಸಲ ಎಳೆದರೆ ಸಾಣೆಕಲ್ಲಿನ ಕೆಲಸ ಇನ್ನಷ್ಟು ದಿನ ಮುಂದಕ್ಕೆ ಹೋಗುತ್ತದೆ. ದಿನಾ ಬಳಸುವ ಚರ್ಮಕ್ಕೆ ಮಾತ್ರ ಸವರಬೇಡಿ. ಒಮ್ಮೆ ಹತ್ತಿದರೆ ಪೂರ್ತಿ ಬಿಡುವುದಿಲ್ಲ.

ಮಳೆಗಾಲದಲ್ಲಿ ಬಟ್ಟೆಯದೇ ಗೆಲುವು. ಮಲೆನಾಡು, ಕರಾವಳಿಯಲ್ಲಿ ಬಚ್ಚಲುಮನೆಯ ಬಾಗಿಲಿಗೆ ತೂಗುಹಾಕಿದ ಚರ್ಮಕ್ಕೆ ಬೂಷ್ಟು ಬರದೆ ಇರುತ್ತಾ? ಕ್ಯಾನ್ವಾಸಾದರೆ ಒಗೆದು ಒಣಗಿಸಿದರಾಯ್ತು. ಚರ್ಮವನ್ನು ಒರೆಸಿ ಗಾಳಿಯಾಡುವ ಕೋಣೆಯಲ್ಲಿಡಬೇಕು, ಒಲೆಯ ಹತ್ತಿರವೂ ಅಲ್ಲ, ಬಿಸಿಲಲ್ಲೂ ಅಲ್ಲ, ಸೊಟ್ಟಗಾಗುತ್ತದೆ.

ಸಲೂನಿನವರಿಗೆ ಈಗ ಈ ತಲೆಬಿಸಿ ಇಲ್ಲ. ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಬಂದಿದೆ, ಒಬ್ಬರಿಗೆ ಒಂದು ಬ್ಲೇಡ್. ಅದು ಒಳ್ಳೆಯದೇ. ಒಂದೇ ಕತ್ತಿ ಹತ್ತು ಮುಖಕ್ಕೆ ಹೋಗುವುದು ಯಾರಿಗೆ ಬೇಕು?

ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಚರ್ಮಕ್ಕೆ ಹಾಕಿ. ಬಟ್ಟೆಗೆ ಖರ್ಚು ಬೇಡ, ಕ್ಯಾನ್ವಾಸ್ ತುಂಡನ್ನು ದರ್ಜಿ ಹತ್ತಿರ ಹೊಲಿಸಿಕೊಳ್ಳಿ. ಅಂಚು ಮಡಚಿ ಹೊಲಿಯುವಾಗ ಹೊಲಿಗೆ ಹಿಂಬದಿಗೇ ಇರಲಿ, ಕತ್ತಿ ಓಡಾಡುವ ಜಾಗಕ್ಕೆ ಬರುವುದು ಬೇಡ ಅಂತ ಮೊದಲೇ ಹೇಳಿಬಿಡಿ. ಆ ಉಬ್ಬಿಗೆ ಬಾಯಿ ತಗುಲಿದರೆ ಮತ್ತೆ ಸಾಣೆಕಲ್ಲೇ ಗತಿ.