ಹುಬ್ಬಳ್ಳಿಯ ಸಮಾಜದ ರುದ್ರಭೂಮಿ: ಸೇವೆ ಹೇಗಿದೆ?

ನಮ್ಮ ದೊಡ್ಡಪ್ಪನವರು ಲಿಂಗೈಕ್ಯರಾದಾಗ, ಹುಬ್ಬಳ್ಳಿಯ ಅಂಚಿನಲ್ಲಿ ಲಿಂಗಾಯತ ಸಮಾಜದವರು ವಂತಿಗೆ ಕೂಡಿಸಿ ನಡೆಸುತ್ತಿರುವ ರುದ್ರಭೂಮಿಯ ಸೇವೆಯನ್ನು ಪಡೆದೆವು. ದೇಹವನ್ನು ಸುಡದೆ, ಕುಳಿತ ಭಂಗಿಯಲ್ಲಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಮತ್ತು ಬಿಲ್ವಪತ್ರೆಗಳೊಡನೆ ಸಮಾಧಿ ಮಾಡುವ ಪದ್ಧತಿ ನಮ್ಮದಾದ್ದರಿಂದ, ಕುಣಿ ತೋಡುವವರ ಅನುಭವವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ; ಅಂಥ ನೆಲದಲ್ಲಿ ಒಳಗೋಡೆಗೆ ಗೂಡು ಕೊರೆದು, ಅದು ಕುಸಿಯದಂತೆ ನೋಡಿಕೊಂಡ ಅವರ ಶ್ರದ್ಧೆಗೆ ನಾವು ಋಣಿಗಳು. ನೀರು, ನೆರಳು, ವಾಹನ ಯಾವುದಕ್ಕೂ ಕೊರತೆಯಾಗಲಿಲ್ಲ.

ಹತ್ತಿ ವ್ಯಾಪಾರ ಮತ್ತು ರೈಲ್ವೆಯಿಂದ ಊರು ಬೆಳೆದು, 1962ರಲ್ಲಿ ಹುಬ್ಬಳ್ಳಿ-ಧಾರವಾಡ ಒಂದೇ ಮಹಾನಗರಪಾಲಿಕೆಯಾಗಿ, ಹಿಂದೆ ಹೊಲಗಳ ನಡುವೆ ಇದ್ದ ಈ ಜಾಗವನ್ನು ಈಗ ಬಡಾವಣೆಗಳು ಸುತ್ತುವರಿದಿವೆ. ಲಿಂಗ ಮತ್ತು ನಂದಿಯನ್ನು ಕೆತ್ತಿದ ಹಳೆಯ ಗದ್ದುಗೆಗಳು ಎರೆಮಣ್ಣಿನ ಚಲನೆಗೆ ವಾಲಿವೆ. ಕೆಲವುಗಳ ಅಕ್ಷರಗಳು ಸವೆದಿವೆ. ಇದೇ ನನಗೆ ಅತ್ಯಂತ ನೋವಿನ ಸಂಗತಿ, ಏಕೆಂದರೆ ದಾಖಲೆ ಪುಸ್ತಕದಲ್ಲಿ ಹೆಸರು ಮತ್ತು ದಿನಾಂಕ ಮಾತ್ರ ಇದ್ದು, ಯಾವ ಸಮಾಧಿ ಎಲ್ಲಿದೆ ಎಂಬ ನಕ್ಷೆಯೇ ಇಲ್ಲ. ಕಲ್ಲು ಅಳಿದರೆ ಆ ಮನೆತನದ ಗುರುತೂ ಅಳಿಯುತ್ತದೆ. ಸಮಿತಿಯವರು ಸಾಲು ಮತ್ತು ಸಂಖ್ಯೆ ಹಾಕಿ, ಪ್ರತಿ ಕಲ್ಲಿನ ಛಾಯಾಚಿತ್ರ ತೆಗೆಸಿಡುವುದು ತುರ್ತಾಗಿ ಆಗಬೇಕು.

ಸಂಸ್ಕಾರದ ರಸೀದಿಯನ್ನು ಅಂದೇ ಕೇಳಿ ಪಡೆಯಿರಿ. ಮರಣವನ್ನು 21 ದಿನಗಳೊಳಗೆ ನೋಂದಾಯಿಸುವಾಗ ಅದು ನೆರವಾಗುತ್ತದೆ.