15 ಕಿ.ವ್ಯಾ. ತೆಗೆದು 7.5 ಕಿ.ವ್ಯಾ. ಐಇ3 ಮೋಟಾರು: ಮೂರು ವರ್ಷ ಓಡಿಸಿದ ಮೇಲೆ

ಕೆಲಸ: ಕೂಲಿಂಗ್ ಲೈನಿನಲ್ಲಿ ನೀರು ಸುತ್ತಿಸುವ ಸೆಂಟ್ರಿಫ್ಯೂಗಲ್ ಪಂಪು. 4 ಪೋಲ್, 50 ಹರ್ಟ್ಸ್, ವರ್ಷಕ್ಕೆ ಸುಮಾರು 6,000 ಗಂಟೆ.

‘ದೊಡ್ಡ ಮೋಟಾರು ಕರೆಂಟು ಕುಡಿಯುತ್ತೆ’ ಅನ್ನುವುದು ಅರ್ಧ ಸತ್ಯ. ಐಇ3 (ಮೋಟಾರಿನ ದಕ್ಷತೆಯ ಅಂತರರಾಷ್ಟ್ರೀಯ ದರ್ಜೆಗಳಲ್ಲೊಂದು) ದರ್ಜೆಯಲ್ಲಿ ಪೂರ್ಣ ಲೋಡಿಗೆ 7.5ರ ದಕ್ಷತೆ ಶೇ 90.4, 15ರದ್ದು ಶೇ 92.1. ಲೋಡ್ ಅರ್ಧಕ್ಕಿಳಿದರೂ ದಕ್ಷತೆ ಹೆಚ್ಚು ಕುಸಿಯುವುದಿಲ್ಲ. ಶೇ 40ರ ಕೆಳಗೆ ಹೋದರೆ ಮಾತ್ರ ಜಾರತೊಡಗುತ್ತದೆ, ಏಕೆಂದರೆ ಕೋರ್ ನಷ್ಟ (ಕಬ್ಬಿಣದ ತಿರುಳಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿ), ಫ್ಯಾನು, ಬೇರಿಂಗುಗಳ ಖರ್ಚು ಲೋಡ್ ಇಳಿದರೂ ಇಳಿಯದು. ಅದಕ್ಕೂ ಮೊದಲೇ ಕೆಡುವುದು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜ ಕೆಲಸಕ್ಕೆ ಬರುವ ಪಾಲು.

ಹಾಗಾಗಿ ಬದಲಿಸುವ ಮುನ್ನ ಲೋಡ್ ಅಳೆಯಿರಿ. ಕರೆಂಟು ತೋರಿಸುವ ಕ್ಲಾಂಪ್ ಮೀಟರೊಂದನ್ನೇ ನಂಬಬೇಡಿ. ಲೋಡ್ ಇಲ್ಲದಾಗಲೂ ಮೋಟಾರು ಮ್ಯಾಗ್ನೆಟೈಸಿಂಗ್ ಕರೆಂಟು (ಕಾಂತಕ್ಷೇತ್ರ ಹುಟ್ಟಿಸಲು ಬೇಕಾದದ್ದು) ಎಳೆಯುತ್ತಲೇ ಇರುತ್ತದೆ. ವೇಗ ಅಳೆಯುವ ಟ್ಯಾಕೋಮೀಟರ್ ಹಿಡಿಯಿರಿ. 4 ಪೋಲ್, 50 ಹರ್ಟ್ಸ್ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ; ಶಾಫ್ಟ್ ಅದಕ್ಕಿಂತ ಎಷ್ಟು ಹಿಂದೆ ಬೀಳುತ್ತದೋ ಅದೇ ಸ್ಲಿಪ್, ಲೋಡ್ ಹೆಚ್ಚಿದಂತೆ ಅದೂ ಹೆಚ್ಚುತ್ತದೆ: ನೇಮ್‌ಪ್ಲೇಟಿನಲ್ಲಿ ಪೂರ್ಣ ಲೋಡಿನ ವೇಗ 1450 ಇದ್ದು, ಓಡುವಾಗ 1480 ತೋರಿಸಿದರೆ ಸ್ಲಿಪ್ 50ರ ಬದಲು 20, ಅಂದರೆ ಲೋಡ್ ಸುಮಾರು ಶೇ 40, ಅಂದಾಜು 6 ಕಿ.ವ್ಯಾ. ಅದು 7.5ಕ್ಕೆ ಶೇ 80, ಹದವಾದ ಜಾಗ.

ಉಳಿತಾಯ? ಹಳೆಯದರ ದಕ್ಷತೆ ಆ ಲೋಡಿನಲ್ಲಿ ಶೇ 87 ಎಂದು ಹಿಡಿದರೆ 6.90 ಕಿ.ವ್ಯಾ. ಎಳೆಯುತ್ತದೆ, ಹೊಸದು 6.64. ವರ್ಷಕ್ಕೆ ಸುಮಾರು 1,560 ಯೂನಿಟ್. ಇದರಲ್ಲಿ ಹೆಚ್ಚಿನ ಪಾಲು ಐಇ3 ದರ್ಜೆಯದು, ಗಾತ್ರದ್ದಲ್ಲ. ಮೀಟರು ಇದಕ್ಕಿಂತ ಹೆಚ್ಚು ಉಳಿತಾಯ ತೋರಿಸಿದರೆ ಹಿಗ್ಗಬೇಡಿ. ಚಿಕ್ಕ ಮೋಟಾರು ಲೋಡಿನಲ್ಲಿ 1468ರ ಆಸುಪಾಸು ತಿರುಗುತ್ತದೆ. ಪಂಪಿನ ಪವರ್ ವೇಗದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಪವರಿನಲ್ಲಿ ಶೇ 2ಕ್ಕಿಂತ ತುಸು ಹೆಚ್ಚಿನ ಇಳಿಕೆ ಬರುವುದು ನೀರೇ ಸ್ವಲ್ಪ ಕಮ್ಮಿ ಹರಿದದ್ದಕ್ಕೆ. ಅದೇ 15ರ ಜಾಗಕ್ಕೆ 15ರ ಐಇ3 ಹಾಕಿದರೆ ಕತೆ ಉಲ್ಟಾ: ಸ್ಲಿಪ್ ಕಮ್ಮಿ, ವೇಗ ಜಾಸ್ತಿ, ಉಳಿಸಿದ್ದರಲ್ಲಿ ಒಂದಿಷ್ಟನ್ನು ಪಂಪೇ ತಿನ್ನುತ್ತದೆ.

ಕೂರಿಸುವುದೇ ತಲೆನೋವು. ಫ್ರೇಮ್ (ಪಾದದಿಂದ ಶಾಫ್ಟ್ ಸೆಂಟರಿಗಿರುವ ಎತ್ತರ, ಮಿ.ಮೀ.ನಲ್ಲಿ) 160ರಿಂದ 132ಕ್ಕೆ ಇಳಿಯುತ್ತದೆ. ಶಾಫ್ಟ್ ಸೆಂಟರ್ 28 ಮಿ.ಮೀ. ತಗ್ಗುವುದರಿಂದ ಅಡಿಗೆ ಗಟ್ಟಿ ಬೇಸ್ ಬೇಕು. ತೆಳು ತಗಡಿನ ಶಿಮ್‌ಗಳನ್ನು ಪೇರಿಸಿದರೆ ಅಲೈನ್‌ಮೆಂಟ್ ನಿಲ್ಲದೆ ಬೇರಿಂಗು ಹೋಗುತ್ತದೆ. ಶಾಫ್ಟ್ ವ್ಯಾಸ 42ರ ಬದಲು 38 ಮಿ.ಮೀ., ಉದ್ದ 110ರ ಬದಲು 80. ಎರಡೂ ಶಾಫ್ಟ್ ಜೋಡಿಸುವ ಕಪ್ಲಿಂಗಿನ ಮೋಟಾರು ಬದಿಯ ಅರ್ಧ ಹೊಸದೇ ಬೇಕು.

ಓವರ್‌ಲೋಡ್ ರಿಲೇಯನ್ನು (ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಸಾಧನ) ಹೊಸ ನೇಮ್‌ಪ್ಲೇಟಿನ ಆಂಪಿಯರ್‌ಗೆ ಇಳಿಸಿ. ಹಳೆಯ ಸೆಟ್ಟಿಂಗಿನಲ್ಲೇ ಬಿಟ್ಟರೆ ವೈಂಡಿಂಗ್ ಸುಟ್ಟರೂ ಅದು ಟ್ರಿಪ್ ಆಗುವುದಿಲ್ಲ.