ಬಿಪಿ ಮೆಷಿನ್ ಕೊಳ್ಳೋದಾ, ಆಸ್ಪತ್ರೆಗೇ ಹೋಗೋದಾ?

ಕೊಪ್ಪಳದ ನಮ್ಮ ಕಾಕಾಗೆ ಇದೇ ಗೊಂದಲ.

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಎರಡನ್ನೂ ಪುಕ್ಕಟೆ ನೋಡುತ್ತಾರೆ. ಮೆಷಿನ್‌ಗೆ ಶುಗರ್ ಗೊತ್ತಾಗಲ್ಲ, ಕಾಕಾನ ಗುಟ್ಕಾ ಚಟವಂತೂ ಗೊತ್ತಾಗೋದೇ ಇಲ್ಲ. ಮೊದಲ ತಪಾಸಣೆಗೆ ಆಸ್ಪತ್ರೆಯೇ ಸರಿ.

ಆದರೆ ಬಿಸಿಲಲ್ಲಿ ನಡೆದು, ಸಾಲಿನಲ್ಲಿ ನಿಂತು, ಡಾಕ್ಟರ್ ಮುಖ ನೋಡಿದ ಕೂಡಲೇ ಕೆಲವರಿಗೆ ಬಿಪಿ ಏರುತ್ತದೆ. ಕಾಕಾಗೆ ಅಲ್ಲಿ 150/90, ಮನೆಯಲ್ಲಿ 128/80! ಇಂಥವರಿಗೆ ಮೆಷಿನ್ ಬೇಕೇ ಬೇಕು. ಮಣಿಕಟ್ಟಿನದ್ದು ಬೇಡ, ತೋಳಿಗೆ ಕಟ್ಟುವುದನ್ನೇ ತಗೊಳ್ಳಿ. ಚಹಾ ಕುಡಿದು ಅರ್ಧ ಗಂಟೆ ಆಗಿರಲಿ, 5 ನಿಮಿಷ ಸುಮ್ನೆ ಕುಳಿತು, ಆಮೇಲೆ ನೋಡಿ. ಬರೆದಿಡಿ. ಒಂದು ವಾರದ ಸರಾಸರಿ 135/85 ದಾಟಿದರೆ ಆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ.

ವಗ್ಗರಣಿ, ಮಿರ್ಚಿಯಲ್ಲಿರುವ ಉಪ್ಪು ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ, ಕಾಕಾ.